ಎಲ್ವಿರಾ ಆಂಟಿಯ ಎರಡನೆಯ ದನಿ

ಸತ್ತ ಗಂಡ ಮರಳಿ ಬಂದಿದ್ದಾನೆಂದು ಎಲ್ವಿರಾ ಆಂಟಿಯನ್ನು ನಂಬಿಸಿದವನು ನಾನು. ಬಾಯಿಬಿಟ್ಟು ಹಾಗೆ ಹೇಳಲಿಲ್ಲ—ಹೇಳಬೇಕಾದದ್ದನ್ನು ಹೇಳದೆ ನಂಬಿಸಿದೆ.

ಬೆಡೋಕ್ ಬಡಾವಣೆಯಲ್ಲಿ ನಮ್ಮ ಎದುರು ಮನೆ ಅವರದು. ಕ್ಯೂಬಾದ ಹಳೆಯ ಹಾಡುಗಾರ್ತಿ. ಅಪ್ಪನ ಗಿಟಾರಿನ ಪಕ್ಕ ಕೂತು ಕಲಿತು, ಊರಿನ ಕುಣಿತಗಳಲ್ಲಿ ಹಾಡಿ, ವಾದ್ಯತಂಡದೊಂದಿಗೆ ಇಲ್ಲಿನ ಹೋಟೆಲೊಂದಕ್ಕೆ ಬಂದವರು. ತಂಡ ವಾಪಸಾಯಿತು, ಅವರೂ ಗಂಡ ರೆನೆಯೂ ಉಳಿದರು. ಅವರ ನಾಡಿನ ಆ ಹಾಡುಗಳಿಗೆ ಎರಡು ದನಿ ಬೇಕು—ಮೊದಲನೆಯದು ಆಂಟಿಯದು, ಎರಡನೆಯದು ರೆನೆಯದು. ಆತ ತೀರಿಕೊಂಡ ಮೇಲೂ ಆತನ ಸಾಲು ಬಂದಾಗ ಆಂಟಿ ಸುಮ್ಮನಾಗಿ, ಅಷ್ಟು ಹೊತ್ತು ಕಾದು ಮುಂದುವರಿಸುತ್ತಿದ್ದರು. ವೇದಿಕೆಯ ಮೇಲೂ. ಮರೆತರೆಂದು ಜನ ಅಂದುಕೊಳ್ಳುತ್ತಿದ್ದರು.

ನಾನು ಸೌಂಡ್ ಎಂಜಿನಿಯರ್. ಟುವಾಸ್‌ನ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಮಾಡಿ ಅಪ್ಪ ಓದಿಸಿದರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ—ಆ ಹೆಮ್ಮೆ ಈಗಲೂ ಇದೆ. ಆಂಟಿಯ ಹಾಡು ರೆಕಾರ್ಡ್ ಮಾಡಿದಾಗ ಆ ಮೌನ ನನಗೆ ಕೊರತೆಯಾಗಿ ಕಂಡಿತು. ಹಳೆಯ ಕ್ಯಾಸೆಟ್‌ಗಳಿಂದ ರೆನೆಯ ದನಿ ಹೆಕ್ಕಿ, ಕಂಪ್ಯೂಟರಿನಲ್ಲಿ ತಿದ್ದಿ, ಅವರಿಗೆ ತಿಳಿಸದೆ ಅಲ್ಲಿ ತುಂಬಿಸಿದೆ. ಸಂತೋಷಪಡುತ್ತಾರೆ, ನನ್ನ ಕೈಚಳಕ ಮೆಚ್ಚುತ್ತಾರೆ ಎಂದು—

ಹೆಡ್‌ಫೋನ್ ಹಾಕಿಕೊಂಡ ಆಂಟಿಯ ಮುಖ ಬಿಳಿಚಿಕೊಂಡಿತು. "ರೆನೆ ಹಾಡ್ತಿದಾನೆ. ಅವತ್ತು ನಮ್ ಜೊತೆ ರೂಮಲ್ಲೇ ಇದ್ದ ಲಾ! ನಿಂಗೆ ಕೇಳಿಸ್ಲಿಲ್ವಾ?"

ನಾನೇ ಸೇರಿಸಿದ್ದೆಂದು ಹೇಳಲು ಹೆದರಿದೆ. "ಇಲ್ಲ ಆಂಟಿ, ನೀವೊಬ್ರೇ ಹಾಡಿದ್ದು."

ಅಷ್ಟೇ. ಆ ತಿಂಗಳೇ ಪಾಸಿರ್ ರಿಸ್‌ನಲ್ಲಿರುವ ಮಗಳು ಮಾರ್ತಾಳ ಮನೆಗೆ ಹೋಗಿ ಇರಬೇಕಿದ್ದವರು ಹೋಗಲಿಲ್ಲ. "ಅವನು ಇಲ್ಲಿಗೆ ಬಂದಿದಾನೆ, ಬಿಟ್ಟು ಹೆಂಗೆ ಹೋಗ್ಲಿ? ಮಾರ್ತಾಗೆ ಹೇಳ್ಬೇಡ, ಹುಚ್ಚು ಹಿಡೀತು ಅಂತಾಳೆ."

ಸಂಜೆ ಬಾಗಿಲು ತೆರೆದಿಟ್ಟು, ಅಡುಗೆಮನೆಯ ಕಡೆ ತಿರುಗಿ ಹಾಡುತ್ತಿದ್ದರು. ನಿಲ್ಲಿಸುತ್ತಿದ್ದರು. ಈಗ ಸುಮ್ಮನೆ ಕಾಯುತ್ತಿರಲಿಲ್ಲ—ತಲೆದೂಗುತ್ತಿದ್ದರು, ನಗುತ್ತಿದ್ದರು, ಒಮ್ಮೊಮ್ಮೆ "ಸ್ವಲ್ಪ ನಿಧಾನ ಕಣೋ" ಎಂದು ಗದರುತ್ತಿದ್ದರು. ಅಲ್ಲಿ ದೀಪವೂ ಇರುತ್ತಿರಲಿಲ್ಲ. ಸುಳ್ಳು ಹುಟ್ಟಿಸಿದವನು ನಾನೇ. ಆದರೂ ಆ ಕತ್ತಲಿನತ್ತ ನೋಡಲು ನನಗೇ ಧೈರ್ಯ ಬರುತ್ತಿರಲಿಲ್ಲ.

ಆ ಮನೆಯಲ್ಲೇ, ಒಬ್ಬರೇ ಇದ್ದಾಗ ತೀರಿಹೋದರು. ಅಂತ್ಯಕ್ರಿಯೆಯ ದಿನ ಮಾರ್ತಾ ನನ್ನನ್ನು ಪಕ್ಕಕ್ಕೆ ಕರೆದಳು. "ಅಮ್ಮಂಗೆ ನನ್ ಮೇಲೆ ಏನು ಸಿಟ್ಟಿತ್ತು? ಯಾಕೆ ಬರ್ಲೇ ಇಲ್ಲ? ನಿನ್ ಹತ್ರ ಏನಾದ್ರೂ ಹೇಳಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ.

ವರ್ಷಗಳಾದವು. ತಾನು ಮಾಡಿದ ತಪ್ಪೇನೆಂದು ಅವಳು ಈಗಲೂ ಹುಡುಕುತ್ತಿದ್ದಾಳೆ. ನಾಳೆ ಹೋಗುತ್ತೇನೆ. ಅವಳು ಬಾಗಿಲು ತೆಗೆದ ಕೂಡಲೇ, ಒಳಗೆ ಕರೆಯುವ ಮೊದಲೇ ಹೇಳಿಬಿಡಬೇಕು. ಒಳಗೆ ಹೋಗಿ ಕೂತರೆ, ಅವಳು ಕಾಫಿ ತಂದುಕೊಟ್ಟರೆ—ನನಗೆ ಮತ್ತೆ ಬಾಯಿ ಬರುವುದಿಲ್ಲ.