ಕುಲುಮೆ ಆರಿಸಿ ದೀಪ ಹಚ್ಚಿದರು

ಒಲೆ ಆರಿಸಿ ಅಡುಗೆಯನ್ನು ಹೊಗಳುವ ಸಮಾರಂಭವನ್ನು ನೀವು ನೋಡಿದ್ದೀರಾ? ಕಳೆದ ವಾರ ನಾನು ನೋಡಿದೆ. ಮುಂದಿನ ಸಾಲಿನಲ್ಲೇ ಕೂತು, ಕೊಟ್ಟ ಗುಲಾಬಿ ಹಿಡಿದುಕೊಂಡು.

ಮಾಲೂರಿನ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜು. (ಹೆಸರು ಬೇಡ. ಬೋರ್ಡು ಬೇಕಾದಷ್ಟು ದೊಡ್ಡದಿದೆ.) ತಾಯಲೂರಿನ ನನ್ನ ತಂಗಿಯ ಮಗಳು ನಾಗಮಣಿ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ವಿಷಯ, ಹೈ ಎಂಟ್ರೊಪಿ ಅಲಾಯ್. ಸಾಮಾನ್ಯ ಮಿಶ್ರಲೋಹದಲ್ಲಿ ಒಂದು ಲೋಹ ಯಜಮಾನ, ಉಳಿದವು ಚಿಟಿಕೆಯಷ್ಟು. ಇದರಲ್ಲಿ ಹಾಗಲ್ಲ. ಕಬ್ಬಿಣ, ನಿಕಲ್, ಕೋಬಾಲ್ಟ್, ಕ್ರೋಮಿಯಂ, ಮ್ಯಾಂಗನೀಸ್, ಐದಕ್ಕೂ ಸಮಪಾಲು. ಕರಗಿಸಿ ತಣಿಸಿದರೆ ಐದೂ ಬೆರೆತು ಒಂದೇ ಫೇಸ್, ಅಂದರೆ ಒಳಗೆಲ್ಲ ಒಂದೇ ರಚನೆ.

ಆದರೆ ನಡುಮಟ್ಟದ ಕಾವಿನಲ್ಲಿ ಬಹಳ ಕಾಲ ಇಟ್ಟರೆ ಒಳಗೊಳಗೇ ಗುಂಪು ಕಟ್ಟಿಕೊಂಡು ಬೇರೆಯಾಗಬಹುದು. (ನಮ್ಮ ತಾಲ್ಲೂಕಿನ ರಾಜಕೀಯ ಬಲ್ಲವರಿಗೆ ಇದರಲ್ಲಿ ಹೊಸತೇನಿಲ್ಲ.) ಬೇರೆಯಾಗುತ್ತದೋ ಇಲ್ಲವೋ ತಿಳಿಯಲು ತಿಂಗಳುಗಟ್ಟಲೆ ಒಂದೇ ಕಾವು ಬೇಕು. ನಾಗಮಣಿಯ ಥೀಸಿಸ್‌ನ ಕೊನೆಯ ಅಧ್ಯಾಯ ಹೀಗೆ ಲ್ಯಾಬಿನ ವಿದ್ಯುತ್ ಕುಲುಮೆಯೊಳಗೆ ಕಾಯುತ್ತ ಕೂತಿತ್ತು.

ಅಂದು ಕಾಲೇಜಿನಲ್ಲಿ ಉಷ್ಣ ಸ್ಥಿರತಾ ಸಂಶೋಧನಾ ಕೇಂದ್ರದ ಉದ್ಘಾಟನೆ. ನಾನು ಹೋದಾಗ ಅವಳು ಲ್ಯಾಬಿನ ಬಾಗಿಲಲ್ಲಿ ಎಲೆಕ್ಟ್ರಿಷಿಯನ್ ಜೊತೆ ಜಗಳಕ್ಕೆ ನಿಂತಿದ್ದಳು.

“ಯಾರನ್ನ ಕೇಳಿ ಆಫ್ ಮಾಡಿದ್ರಣ್ಣಾ?”

“ನನ್ನೇನ್ ಕೇಳ್ತೀಯ ಅಮ್ಮಣ್ಣಿ? ಮೇಲಿಂದ ಆರ್ಡರ್. ರಾತ್ರಿನೇ ಆಫ್ ಮಾಡು ಅಂದ್ರು. ಸ್ಟೇಜಿಗೆ ಎಸಿ ಹಾಕವ್ರೆ, ಸೀರಿಯಲ್ ಲೈಟ್ ಬೇರೆ. ನಿನ್ ಫರ್ನೇಸೂ ಓಡಿದ್ರೆ ಎಲ್ಲಾ ಟ್ರಿಪ್ ಆಗ್ತದೆ.”

ಗಮನಿಸಿ. ಉಷ್ಣದ ಸಂಶೋಧನೆಯನ್ನು ಉದ್ಘಾಟಿಸಲು ಉಷ್ಣವನ್ನೇ ನಿಲ್ಲಿಸಬೇಕಾಯಿತು. ಇಂಥ ಯೋಚನೆ ಸಾಮಾನ್ಯ ತಲೆಗೆ ಹೊಳೆಯುವುದುಂಟೆ? ಅದಕ್ಕೊಂದು ಆಡಳಿತ ಮಂಡಳಿಯೇ ಬೇಕು.

ವೇದಿಕೆಯಲ್ಲಿ ಅಧ್ಯಕ್ಷರು ದೀಪ ಹಚ್ಚಿದರು. ಎಸಿ ಗಾಳಿಗೆ ಆರಿತು. ಮತ್ತೆ ಹಚ್ಚಿದರು. ಮತ್ತೆ ಆರಿತು. ಕೊನೆಗೆ ಪ್ರಾಂಶುಪಾಲರು ಶಾಲು ಅಡ್ಡ ಹಿಡಿದು ವಿಜ್ಞಾನವನ್ನು ಕಾಪಾಡಿದರು.

“ನಮ್ಮ ಲೋಹ ಎಂಥಾ ಬಿಸಿಗೂ ಜಗ್ಗೋದಿಲ್ಲ!” ಎಂದರು ಅಧ್ಯಕ್ಷರು. ಚಪ್ಪಾಳೆ.

“ಅದು ತಣ್ಣಗಾಗಿ ಬಿದ್ದಿದೆ, ಮಾವ,” ಪಕ್ಕದಲ್ಲಿ ನಾಗಮಣಿ ಹಲ್ಲು ಕಚ್ಚಿದಳು. “ನಿಧಾನವಾಗಿ ತಣಿಯುವಾಗಲೂ ಬೇರೆಯಾಗಬಹುದು. ನಾಳೆ ಎರಡು ಫೇಸ್ ಕಂಡರೆ, ಅದು ಕಾವಿನಿಂದ ಆಗಿದ್ದೋ ಇವರ ಸ್ವಿಚ್ಚಿನಿಂದ ಆಗಿದ್ದೋ, ಹೇಗೆ ಹೇಳ್ಲಿ?”

ಊಟದ ಹೊತ್ತಿಗೆ ಅವಳ ಗೈಡ್ ಒಬ್ಬಟ್ಟಿನ ಎಲೆಯಿಂದಲೇ ಪರಿಹಾರ ಸೂಚಿಸಿದರು. “ಮುಕ್ಕಾಲು ಭಾಗ ಕಾದಿದೆಯಲ್ಲಮ್ಮಾ. ಪೂರ್ತಿ ಆಯ್ತು ಅಂತ ಬರ್ದುಬಿಡು.”

“ಕರೆಂಟ್ ತೆಗ್ದಿದ್ದು ಲೋಹಕ್ಕೆ ಗೊತ್ತಲ್ಲ ಸಾರ್.”

“ಲೋಹ ವೈವಾಗೆ ಬರಲ್ಲಮ್ಮಾ,” ಎಂದು ಅವರು ತುಪ್ಪಕ್ಕೆ ಕೈ ತೋರಿದರು.

ಇವರೂ ಎಂದೋ ಒಂದು ಥೀಸಿಸ್ ಬರೆದಿರಬೇಕು. ಅದರ ಕಾವು ಎಷ್ಟಿತ್ತೋ, ಯಾರು ಬಲ್ಲರು?

ನಾಗಮಣಿ ಹಾಗೆ ಬರೆಯಲಿಲ್ಲ. ಎಸಿ ಬಿಚ್ಚಿದ ಮೇಲೆ ಹೊಸ ತುಂಡು ಇಟ್ಟು ಮೊದಲಿನಿಂದ ಕಾಯಿಸುತ್ತಿದ್ದಾಳೆ. ಕಾಲೇಜಿನ ಬ್ರೋಷರ್ ಮಾತ್ರ ಆಗಲೇ ಅಚ್ಚಾಗಿದೆ. “ಸ್ಥಿರವೆಂದು ಸಾಬೀತಾದ ಲೋಹ” ಎಂದು ದಪ್ಪಕ್ಷರದಲ್ಲಿ.

ಈ ಹೊಸ ತುಂಡು ಪೂರ್ತಿ ಕಾಯುವ ಹೊತ್ತಿಗೆ ಕೇಂದ್ರದ ಮೊದಲ ವಾರ್ಷಿಕೋತ್ಸವ ಬಂದಿರುತ್ತದೆ. ಅವತ್ತು ಸ್ಟೇಜಿಗೆ ಎಸಿ ಬೇಡವೇ?