ಕರಡಿಗೆಯ ನೆರಳು

ಮಧುಗಿರಿಯ ಎಕ್ಸ್‌ರೇ ಕೇಂದ್ರವೊಂದರಲ್ಲಿ ಚನ್ನಮಲ್ಲಯ್ಯನವರು ಇಪ್ಪತ್ತಾರು ವರ್ಷಗಳಿಂದ ಜನರ ಎದೆಯ ಚಿತ್ರ ತೆಗೆಯುತ್ತಿದ್ದಾರೆ. ಕಾಯಿಲೆ ಯಾವುದೆಂದು ಹೇಳುವುದು ಡಾಕ್ಟರ ಕೆಲಸ, ಅವರದಲ್ಲ. ಆದರೆ ಕಣ್ಣಿಗೆ ಬೀಗ ಹಾಕುವವರು ಯಾರು? ಗಾಳಿ ಕಪ್ಪು, ಮೂಳೆ ಬಿಳುಪು. ಕಪ್ಪಿರಬೇಕಾದಲ್ಲಿ ಬಿಳುಪು ಕಂಡರೆ ತೊಂದರೆ. ಶ್ವಾಸಕೋಶದ ನೆತ್ತಿಯಲ್ಲಿ ಮಚ್ಚೆಗಳಿದ್ದರೆ ಕ್ಷಯದ ಅನುಮಾನ, ತಳದ ಮೂಲೆ ತುಂಬಿಕೊಂಡಿದ್ದರೆ ನೀರು, ಒಂದು ಭಾಗಕ್ಕೆ ಮೋಡ ಕವಿದಂತಿದ್ದರೆ ನ್ಯುಮೋನಿಯಾ.

ಬಂದವರು ಫಿಲ್ಮಿಗಿಂತ ಮೊದಲು ಅವರ ಮುಖ ನೋಡುತ್ತಿದ್ದರು.

"ಏನೈತೆ ಹೇಳ್ಬುಡಿ ಅಯ್ನೋರೆ," ಎಂದು ತೋವಿನಕೆರೆಯ ಚಿಕ್ಕಹನುಮಯ್ಯ ಒಮ್ಮೆ ಪಟ್ಟು ಹಿಡಿದಿದ್ದ.

"ನಾನು ಫೋಟೋ ತೆಗಿಯೋನು ಕಣಯ್ಯ. ಮದುವೆ ಫೋಟೋ ತೆಗ್ದೋನ್ನ ಸಂಸಾರ ಹೆಂಗೈತೆ ಅಂತ ಕೇಳ್ತಾರೇನ್ಲಾ?"

ಚಿತ್ರ ತೆಗೆಯುವಾಗ ಎದೆಯ ಮೇಲೆ ಲೋಹ ಇರಕೂಡದು. ಲಿಂಗ ಕಟ್ಟಿಕೊಂಡವರಿಗಾಗಿ ಅವರೇ ಒಂದು ದಾರಿ ಕಂಡುಕೊಂಡಿದ್ದರು. ಲಿಂಗವಿರುವ ಬೆಳ್ಳಿ ಕರಡಿಗೆಯನ್ನು ಕೊರಳಿಂದ ಬಿಚ್ಚಿ ತೋಳಿಗೆ ಕಟ್ಟಿಸುವುದು. ಮೈಬಿಟ್ಟು ಹೋಗುವುದಿಲ್ಲ, ಚಿತ್ರಕ್ಕೂ ಬರುವುದಿಲ್ಲ.

ಕಳೆದ ಕಾರ್ತೀಕದಲ್ಲಿ ಕೆಮ್ಮುತ್ತ ಬಂದ ಹೆಂಡತಿ ಬಸವಮ್ಮ ಒಪ್ಪಲಿಲ್ಲ.

"ದೀಕ್ಷೆ ಆದಾಗ್ಲಿಂದ ಕೊರಳಿಂದ ಇಳಿದಿಲ್ಲ ಕಣ್ರೀ. ನಿಮ್ ಮಿಶನ್ನಿಗೋಸ್ಕರ ಇಳಿಸ್ಲಾ?"

"ಸರಿ ಮಾರಾಯ್ತಿ, ಭುಜದ ಕಡಿಕೆ ಸರಿಸ್ಕೊ."

ಫಿಲ್ಮಿನಲ್ಲಿ ಬಲ ಕೊರಳೆಲುಬಿನ ಕೆಳಗೆ ಕರಡಿಗೆ ಬೆಳ್ಳಗೆ ಹೊಳೆಯುತ್ತಿತ್ತು. "ಇದೇನ್ರೀ?" ಎಂದು ಡಾಕ್ಟರ್ ಶ್ರೀಲತಾ ಕೇಳಿದರು. "ನಮ್ಮನೆಯೋಳ ಕರಡಿಗೆ ಮೇಡಂ." ಇಬ್ಬರೂ ನಕ್ಕರು. ಉಳಿದದ್ದು ಸರಿಯಿದೆ, ಬೇಕಾದರೆ ಇನ್ನೊಂದು ತೆಗೆಯಿರಿ ಎಂದರು ಡಾಕ್ಟರು. ಬೇರೆಯವರದಾಗಿದ್ದರೆ ಚನ್ನಮಲ್ಲಯ್ಯನವರು ಆಗಲೇ ಮತ್ತೆ ತೆಗೆಯುತ್ತಿದ್ದರು. ಮನೆಯವಳೊಡನೆ ಯಾರು ವಾದ ಮಾಡುವುದೆಂದು ಬಿಟ್ಟರು. ಔಷಧಿಗೆ ಕೆಮ್ಮೂ ತಗ್ಗಿತು.

ಎಂಟು ತಿಂಗಳಿಗೆ ಕೆಮ್ಮು ಮರಳಿತು. ರವಿಕೆಗಳೆಲ್ಲ ಸಡಿಲವಾಗಿದ್ದವು. ಈ ಸಲ ಬಸವಮ್ಮ ತಾನೇ ಕರಡಿಗೆ ಬಿಚ್ಚಿ ತೋಳು ಚಾಚಿದಳು.

"ಉಸಿರು ಎಳ್ಕೊ... ಹಿಡ್ಕೊ... ಬುಡು."

ಕರಡಿಗೆ ಇರಲಿಲ್ಲ. ಅದೇ ಜಾಗದಲ್ಲಿ ನಿಂಬೆಹಣ್ಣಿನಷ್ಟು ಬಿಳುಪಿತ್ತು.

ತುಮಕೂರಿನಲ್ಲಿ ಸ್ಕ್ಯಾನ್ ಆಯಿತು, ಸೂಜಿ ಚುಚ್ಚಿ ಪರೀಕ್ಷೆಯೂ ಆಯಿತು. ಕ್ಯಾನ್ಸರ್ ಗಡ್ಡೆ, ಲಿವರಿಗೂ ಹಬ್ಬಿದೆ, ಆಪರೇಷನ್ ಆಗುವುದಿಲ್ಲ ಎಂದರು ಅಲ್ಲಿಯ ಡಾಕ್ಟರು. "ಮುಂಚೆಯೇ ಬರಬಾರದಿತ್ತೆ?" ಎಂದೂ ಅಂದರು.

ಬಸ್ಸು ಕೊರಟಗೆರೆ ದಾಟಿದ ಮೇಲೆ ಬಸವಮ್ಮ ಕೇಳಿದಳು. "ಮುಂಚೇನೇ ಬಂದಿದ್ವಲ್ರೀ?"

ಮನೆಗೆ ಬಂದವರೇ ಚನ್ನಮಲ್ಲಯ್ಯನವರು ಎರಡೂ ಫಿಲ್ಮುಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಳೆಯದರಲ್ಲಿ ಕರಡಿಗೆಯ ಅಂಚು ಕೊರೆದಂತಿತ್ತು. ಅದರ ಕೆಳಗೆ, ಕನ್ನಡಿಯ ಮೇಲೆ ಉಸಿರು ಬಿಟ್ಟಷ್ಟು ಮಸುಕು ಇಣುಕಿತ್ತು. ಅಂದು ಅವರು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಇದು ಕರಡಿಗೆ. ಇದು ಕಾಯಿಲೆ. ಅವತ್ತೇ ಇತ್ತು ಕಣೆ. ಇನ್ನೊಂದ್ಸಲ ತೆಗೀಬೇಕಿತ್ತು, ನಾನು ತೆಗೀಲಿಲ್ಲ."

ಅವಳು ಫಿಲ್ಮಿಗೆ ಮುಖ ಹತ್ತಿರ ತಂದು ನೋಡಿದಳು. "ಇಳಿಸಲ್ಲ ಅಂದೋಳು ನಾನಲ್ವಾ?"

"ನೂರು ಜನಕ್ಕೆ ಹೇಳಿ ಒಪ್ಸಿದ್ದೆ. ನಿನ್ನ ಒಪ್ಸ್ಲಿಲ್ಲ."

ಅದಕ್ಕೆ ಅವಳು ಇಲ್ಲವೆನ್ನಲಿಲ್ಲ. ಪರೀಕ್ಷೆಗಳೆಲ್ಲ ಮುಗಿಯುವವರೆಗೆಂದು ತೋಳಿಗೆ ಕಟ್ಟಿದ್ದ ಕರಡಿಗೆ ಇನ್ನೂ ಅಲ್ಲೇ ಇತ್ತು. ಅದನ್ನು ಬಿಚ್ಚಿ, ಅವರಿಗೆ ಬೆನ್ನು ಮಾಡಿ ಕೂತು, "ಕಟ್ರೀ" ಎಂದಳು.

ಅವರು ದಾರದ ಎರಡು ತುದಿ ಹಿಡಿದು, ಹಾಕಿದ ಗಂಟನ್ನು ಬಿಚ್ಚಿ ಮತ್ತೆ ಹಾಕಿದರು. ಅವಳು ಕೆಮ್ಮು ತಡೆದುಕೊಂಡು, ಎಕ್ಸ್‌ರೇಗೆ ನಿಂತವಳಂತೆ ಅಲುಗಾಡದೆ, ಉಸಿರು ಹಿಡಿದು ಕೂತಿದ್ದಳು.