ಮಾವನ ಮನೆಯಿಂದ ಅಣ್ಣ ಬರಲಿಲ್ಲ

ಅಣ್ಣಾ, ನನ್ನ ಮದುವೆಗೆ ನೀನು ಬರದಂತೆ ಮಾಡಿದವಳು ನಾನೇ. ಪೊಲೀಸಿನವರಲ್ಲ, ಜೈಲಿನ ಸಾಹೇಬರಲ್ಲ, ನಿನ್ನ ಕೈಯಲ್ಲಿ ಪೆಟ್ಟು ತಿಂದವನ ಕಡೆಯವರೂ ಅಲ್ಲ. ನಾನು, ನಿನ್ನ ತಂಗಿ ಜಯ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದನ್ನು ತಿದ್ದಿಕೊಡುತ್ತೇನೆ ಅಂದಳು ಮೊಮ್ಮಗಳು. ಕಾಗುಣಿತ ತಿದ್ದು, ಮಾತು ತಿದ್ದಬೇಡ ಅಂದಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತಿದ್ದೇನೆ — ಕೇಳುವ ಬೇರೆಯವರಿಗೂ ನಾನು ಮಾಡಿದ್ದು ಏನು ಅಂತ ಸರಿಯಾಗಿ ತಿಳಿಯಲಿ.

ಎಪ್ಪತ್ತರ ದಶಕದ ಮಾತು. ನಮ್ಮ ನಾಯಂಡಹಳ್ಳಿ ಆಗಿನ್ನೂ ಹಳ್ಳಿಯೇ. ಅಪ್ಪ ತೀರಿಕೊಂಡಿದ್ದರು. ನೀನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸಕ್ಕೆ ಹೋಗುತ್ತಿದ್ದೆ. ಅಲ್ಲೊಂದು ದಿನ ಜಗಳವಾಯಿತು. ನೀನು ಬೀಸಿದ ಸ್ಪ್ಯಾನರ್ ಜೊತೆಗಾರನೊಬ್ಬನ ಕಣ್ಣಿಗೆ ಬಿತ್ತು. ಅವನ ಕಣ್ಣು ಹೋಯಿತು, ನೀನು ಸೆಂಟ್ರಲ್ ಜೈಲಿಗೆ ಹೋದೆ.

ನೀನು ಒಳಗಿದ್ದಾಗಲೇ ನನಗೆ ಗಂಡು ಬಂತು. ಕೆಂಗೇರಿಯ ಹುಡುಗ, ಬಸ್ ಕಂಡಕ್ಟರ್. ನೋಡಲು ಬಂದ ದಿನ ಹುಡುಗನ ತಾಯಿ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, “ಹುಡುಗೀಗೆ ಒಬ್ಬ ಅಣ್ಣ ಅವ್ನಂತಲ್ಲ, ಕಾಣಿಸ್ತಿಲ್ಲ?”

ಅವ್ವ ಚಿಕ್ಕಪ್ಪನ ಮುಖ ನೋಡಿದಳು. ನಮ್ಮ ಚಿಕ್ಕಪ್ಪ ನಿನಗೆ ಗೊತ್ತಲ್ಲ — ಜೈಲಿಗೆ ಹೋದವರನ್ನೆಲ್ಲ ‘ಮಾವನ ಮನೆಗೆ ಹೋಗವ್ನೆ’ ಅನ್ನುವುದು ಅವನ ನಾಲಗೆಗೆ ಅಂಟಿದ ಮಾತು. ಗಾಬರಿಯಲ್ಲಿ ಅದೇ ಬಂದುಬಿಟ್ಟಿತು.

“ಅವ್ನಾ? ಅವ್ನು ಮಾವನ್ ಮನೇಲವ್ನೆ.”

“ಓ, ಮದ್ವೆ ಆಗೈತಾ? ಮನೆ ಅಳಿಯನಾ?”

ಇನ್ನು ಹಿಂದಕ್ಕೆ ಬರುವ ದಾರಿಯಿರಲಿಲ್ಲ. ಚಿಕ್ಕಪ್ಪ ಮುಂದಕ್ಕೇ ನಡೆದ. “ಹೂಂ ಕಣಮ್ಮ. ಇಲ್ಲೇ ಪ್ಯಾಟೇಲಿ. ದೊಡ್ಡ ಮನೆ. ಕಾಂಪೌಂಡೇ ಎರಡಾಳೆತ್ತರ ಐತೆ.”

“ಅಷ್ಟು ಅನುಕೂಲಸ್ಥರಾ?”

“ಸರ್ಕಾರಿ ಮನೆ ಇದ್ದಂಗೆ ಐತೆ. ಬಾಗಿಲಿಗೆ ಕಾವಲಿನೋರು. ಟೈಮಿಗೆ ಸರಿಯಾಗಿ ಊಟ.”

“ತಂಗೀನ ನೋಡೋ ಶಾಸ್ತ್ರಕ್ಕೂ ಬರಲಿಲ್ವಲ್ಲ.”

“ಮಾವನಿಗೆ ಅವನ ಮೇಲೆ ಬಲು ಪ್ರೀತಿ. ಆಚೆ ಬಿಡೋದೇ ಇಲ್ಲ.”

ಹುಡುಗ ಕಾಫಿ ಲೋಟದೊಳಗೆ ಮುಖ ಇಟ್ಟುಕೊಂಡಿದ್ದ. ನಾಚಿಕೆ ಅಂದುಕೊಂಡೆ. ಅವನು ನನಗೆ ಇಷ್ಟವಾಗಿದ್ದ ಅಣ್ಣಾ — ಇದನ್ನು ಹೇಳದೆ ಮುಂದೆ ಹೋದರೆ ಈ ಬರಹವೂ ಅರ್ಧ ಸುಳ್ಳಾಗುತ್ತದೆ. ಹೊರಡುವಾಗ ಅವರ ತಾಯಿ ಇನ್ನೊಂದು ಮಾತು ಹೇಳಿದರು: “ತಂದೆ ಇಲ್ದಿರೋ ಹುಡುಗಿ. ಅಣ್ಣ ಅತ್ತಿಗೆ ಜೊತೇಲಿ ನಿಂತು ಧಾರೆ ಎರೀಲಿ.”

ಇಲ್ಲದ ಅತ್ತಿಗೆಯನ್ನು ಎಲ್ಲಿಂದ ತರುವುದು?

ಆ ವಾರ ಅವ್ವ, ನಾನು ನಿನ್ನನ್ನು ನೋಡಲು ಬಂದೆವು. ಕಂಬಿಯಾಚೆ ನೀನು ಕುಣಿಯುವುದೊಂದು ಬಾಕಿ. “ನಿನ್ನ ಮದುವೆ ಒಳ್ಳೇ ಕಾರಣ ಕಣೇ, ಪೆರೋಲ್ ಸಿಗ್ತದೆ,” ಅಂದೆ ನೀನು. ಅವ್ವನಿಗೆ ಅದು ಪೆಟ್ರೋಲ್ ಅಂತ ಕೇಳಿಸಿತು. “ಜೈಲಲ್ಲಿ ಪೆಟ್ರೋಲ್ ಯಾಕ್ ಕೊಡ್ತಾರೋ?” ಅಂದಳು. ನೀನು ನಕ್ಕು, ನಕ್ಕು, ಆಮೇಲೆ ಬಿಡಿಸಿ ಹೇಳಿದೆ.

“ಎರವಲು ಕೊಟ್ಟಂಗೆ ಕಣವ್ವ. ಸರ್ಕಾರ ನಿಂಗೆ ನಿನ್ನ ಮಗನ್ನ ಎರವಲು ಕೊಡುತ್ತೆ. ಹೇಳಿದ ದಿನಕ್ಕೆ ವಾಪಸ್ ತಂದು ಬಿಡಬೇಕು.”

ಸುಮ್ಮನೆ ಕೇಳಿದರೆ ಕೊಡುವುದಿಲ್ಲ ಅಂತಲೂ ನೀನೇ ಅಂದೆ. ಶಿಕ್ಷೆಯಲ್ಲಿ ಒಂದು ಪಾಲು ಕಳೆದಿರಬೇಕು, ನಿನ್ನದು ಕಳೆದಿತ್ತು. ಒಳಗೆ ನಡತೆ ಚೆನ್ನಾಗಿರಬೇಕು, ನೀನು ಬಡಗಿ ಕೆಲಸ ಕಲಿತು ಹೆಸರು ತೆಗೆದುಕೊಂಡಿದ್ದೆ. ಕಾರಣ ಗಟ್ಟಿ ಇರಬೇಕು — ಹೆತ್ತವರ ಕಾಯಿಲೆ, ಸಾವು, ಒಡಹುಟ್ಟಿದವರ ಮದುವೆ, ಇಂಥವು. ಒಬ್ಬರು ಜಾಮೀನು ನಿಲ್ಲಬೇಕು, ಚಿಕ್ಕಪ್ಪ ಒಪ್ಪಿದ್ದ. ಅರ್ಜಿ ಜೈಲಿನಿಂದ ಹೋದ ಮೇಲೆ ನಮ್ಮ ಸ್ಟೇಷನ್ನಿನವರು ಮನೆಗೆ ಬಂದು ಎರಡು ಮಾತು ಕೇಳುತ್ತಾರೆ: ಇವನನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ? ಇವನು ಬಂದರೆ ಊರಲ್ಲಿ ಗಲಾಟೆ ಆಗುತ್ತದಾ?

“ಮಿಕ್ಕಿದ್ದೆಲ್ಲ ಆದಂಗೇ. ಆ ಎರಡು ಮಾತು ನೀವು ಹೇಳಿದ್ರೆ ಸಾಕು,” ಅಂದೆ. ನನ್ನ ಕಡೆ ನೋಡಿ, “ಜಯಾ, ನಿನ್ ಮದ್ವೇಲಿ ಬಡಿಸೋ ಕೆಲಸ ನಂದೇ ಕಣೇ, ಪಾಯಸ ಮಾತ್ರ ಬೇರೆಯವರ ಕೈಗೆ ಕೊಡಲ್ಲ,” ಅಂದೆ.

ಆ ಎರಡು ಮಾತು.

ಪೊಲೀಸಪ್ಪ ಬಂದಾಗ ಅವ್ವ ಸೊಪ್ಪು ಮಾರಲು ಹೋಗಿದ್ದಳು. ನಾನು ಜಗಲಿಯ ಮೇಲೆ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದೆ. ಕಾನ್‌ಸ್ಟೇಬಲ್, ವಯಸ್ಸಾದವರು. ಟೋಪಿ ತೆಗೆದು ಪಕ್ಕದಲ್ಲಿಟ್ಟು ಅವರೂ ಜಗಲಿಯ ಮೇಲೆ ಕೂತರು. ನೀನು ಹೇಳಿದ್ದ ಹಾಗೆಯೇ ಕೇಳಿದರು. ನಾನು ಕಾಳು ಹಿತುಕುತ್ತಲೇ ಇದ್ದೆ. ಅವರು ಅವಸರ ಮಾಡಲಿಲ್ಲ — ಬೋಗುಣಿಗೆ ಕೈ ಹಾಕಿ ತಾವೂ ನಾಲ್ಕು ಕಾಳು ಹಿತುಕಿದರು.

“ನಮ್ ಮನೇಲೂ ಇದೇ ಕೆಲಸ ಕಣಮ್ಮ. ಮದುವೆ ನಿಂದೇನಾ?”

“ಹೂಂ ಸಾರ್.”

“ಹಂಗಾದ್ರೆ ಅಣ್ಣ ಬರಲಿ ಅಂತ ಬರ್ಕೊಳ್ತೀನಿ.”

ಆಗ ನನ್ನ ತಲೆಯಲ್ಲಿ ಓಡಿದ್ದು — ನೀನು ಮಂಟಪದಲ್ಲಿ ನಿಂತಿದ್ದೀಯ, ಅತ್ತೆಯಾಗುವವರು ‘ನಿನ್ನ ಹೆಂಡ್ತಿ ಎಲ್ಲಪ್ಪ’ ಅಂತ ಕೇಳುತ್ತಾರೆ, ನೀನು ನಿನ್ನ ಆ ನಗು ನಕ್ಕು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೀಯ. ನಿನಗೆ ಸುಳ್ಳು ಬರುವುದಿಲ್ಲ. ಬರುವ ಹಾಗಿದ್ದರೆ ಕೋರ್ಟಿನಲ್ಲೇ ಹೇಳುತ್ತಿದ್ದೆ.

“ಬೇಡ ಸಾರ್,” ಅಂದೆ. “ನಮ್ಗೆ ಬೇಡ. ಅವ್ನು ಬಂದ್ರೆ ಗಲಾಟೆ ಆಗುತ್ತೆ.”

ಅವರ ಕೈ ಬೋಗುಣಿಯಲ್ಲೇ ನಿಂತಿತು. “ಯೋಚ್ನೆ ಮಾಡಿ ಹೇಳವ್ವ. ಒಂದ್ಸಲ ಬರೆದ್ರೆ ಕಷ್ಟ. ತಾಯಿ ಬರೋವರ್ಗೂ ಕಾಯ್ಲಾ?”

“ಅವ್ವನೂ ಇದ್ನೇ ಹೇಳೋದು. ಬರ್ಕೊಳ್ಳಿ.”

ಅವ್ವನ ಹೆಸರಿನಲ್ಲೂ ಸುಳ್ಳು ಹೇಳಿದೆ, ನೋಡು. ನಿನ್ನನ್ನು ಎರವಲಾದರೂ ಕೊಡಿ ಅಂತ ಊರಿನ ದೇವರಿಗೆಲ್ಲ ದೀಪ ಹಚ್ಚಿದವಳ ಹೆಸರಿನಲ್ಲಿ.

ಸ್ಟೇಷನ್ನಿನ ವರದಿ ಸರಿಯಿಲ್ಲ ಅಂತ ನಿನ್ನ ಅರ್ಜಿಗೆ ಇಲ್ಲವೆಂದರು. ಮದುವೆ ಮಾತ್ರ ಚೆನ್ನಾಗಿಯೇ ಆಯಿತು. ಚಿಕ್ಕಪ್ಪ, ಚಿಕ್ಕಮ್ಮ ಧಾರೆ ಎರೆದರು. ಕೇಳಿದವರಿಗೆಲ್ಲ “ಮಾವ ಬಿಡಲಿಲ್ಲ” ಅಂತ ಚಿಕ್ಕಪ್ಪ ಎಷ್ಟು ಮುಖ ಸಣ್ಣಗೆ ಮಾಡಿ ಹೇಳಿದನೆಂದರೆ, ಕೆಲವರು ಆ ಮಾವನನ್ನು ಬೈದರು. ನಾನೂ ನಕ್ಕೆ. ಪಾಯಸ ಯಾರು ಬಡಿಸಿದರೋ — ನಾನು ಎಲೆಯಿಂದ ತಲೆ ಎತ್ತಲಿಲ್ಲ.

ಕೆಂಗೇರಿಗೆ ಹೋದ ಮೂರನೆಯ ದಿನ, ಅತ್ತೆ ನನ್ನ ತಲೆ ಬಾಚುತ್ತಾ ಕೇಳಿದರು, “ಅಣ್ಣನ್ನ ನೋಡಕ್ಕೆ ಯಾವಾಗ ಹೋಗ್ತೀಯೇ? ಹುರಿಟ್ಟು ಮಾಡ್ಕೊಡ್ತೀನಿ, ಅಲ್ಲಿ ಊಟ ನಾಲಿಗೆಗೆ ಹತ್ತಲ್ಲ.”

“ಎಲ್ಲಿ ಅತ್ತೆ?”

“ಅದೇ, ಮಾವನ ಮನೇಲಿ. ನಮ್ಮಣ್ಣನೂ ಒಂದು ವರ್ಷ ಇದ್ದು ಬಂದ. ಆ ಕಾಂಪೌಂಡು ನಾನ್ ನೋಡಿಲ್ವಾ?”

ನನ್ನ ಗಂಡ ಒಳಗಿನಿಂದ ಜೋರಾಗಿ ನಕ್ಕರು. ಅವರಿಗೆ ಅಂದೇ ಗೊತ್ತಿತ್ತು. ಅತ್ತೆಗೂ. ಹಾಗಾದರೆ ಅಣ್ಣ ಅತ್ತಿಗೆ ಧಾರೆ ಎರೀಲಿ ಅಂದಿರಲ್ಲ ಅಂದರೆ, “ನಿಮ್ಮ ಚಿಕ್ಕಪ್ಪ ಎಲ್ಲೀವರ್ಗೂ ಸುಳ್ಳು ಎಳೀತಾನೆ ಅಂತ ನೋಡ್ದೆ ಕಣೇ. ಸೊಸೆ ನೀನು, ನೀನಾದ್ರೂ ಬಾಯಿ ಬಿಡ್ತೀಯ ಅಂದ್ಕೊಂಡಿದ್ದೆ,” ಅಂದರು.

ನಾನು ಯಾವ ಮನೆಗೆ ಹೆದರಿ ನಿನ್ನನ್ನು ತಡೆದೆನೋ, ಆ ಮನೆಯಲ್ಲಿ ಅಂದು ನಿನಗಾಗಿ ರಾಗಿ ಹುರಿಯುತ್ತಿದ್ದರು.

ಆಗಲಾದರೂ ಹೇಳಬಹುದಿತ್ತು. ಇಲ್ಲ. ಆಮೇಲೆ ಅವ್ವ ಜಾರಿಬಿದ್ದು ಕಾಲು ಮುರಿದುಕೊಂಡಾಗ ನೀನು ಮತ್ತೆ ಪೆರೋಲ್ ಕೇಳಿದೆ. ವಿಚಾರಿಸಲು ಬಂದ ಪೊಲೀಸಿನವರಿಗೆ ಅವ್ವ ಮಲಗಿದಲ್ಲಿಂದಲೇ ಕಳಿಸಿ ಅಂದಳು. ಹಿಂದಿನ ಸಲದ ವರದಿ ಚೆನ್ನಾಗಿಲ್ಲ ಅಂತ ಮತ್ತೆ ಇಲ್ಲವೆಂದರು. ಚೆನ್ನಾಗಿಲ್ಲದ್ದು ಏನು ಅಂತ ನಿನಗೆ ಯಾರೂ ಹೇಳಲಿಲ್ಲ. ನನಗೊಬ್ಬಳಿಗೇ ಗೊತ್ತಿತ್ತು. ಸ್ಟೇಷನ್ನಿಗೆ ಹೋಗಿ ‘ಅವತ್ತು ಹೇಳಿದ್ದು ಸುಳ್ಳು ಸಾರ್’ ಅನ್ನಬಹುದಿತ್ತು. ಕಂಡಕ್ಟರನ ಹೆಂಡತಿಗೆ ಬಸ್ಸಿಗೇನು ಬರವೇ? ಹೋಗಲಿಲ್ಲ. ಮದುವೆಯ ಮುಂಚೆ ಹೇಳಿದ್ದನ್ನು ಹೆದರಿಕೆ ಅನ್ನಬಹುದೇನೋ. ಇದಕ್ಕೆ ನನ್ನ ಹತ್ತಿರ ಹೆಸರೇ ಇಲ್ಲ. ನೀನು ಶಿಕ್ಷೆ ಪೂರಾ ಮುಗಿಸಿಯೇ ಆಚೆ ಬಂದೆ.

ಬಂದವನು ವಿಜಯನಗರದಲ್ಲಿ ಬಡಗಿ ಅಂಗಡಿ ಇಟ್ಟೆ, ಮದುವೆಯಾದೆ, ನನ್ನ ಮಕ್ಕಳಿಗೆ ತೊಟ್ಟಿಲು ಮಾಡಿಕೊಟ್ಟೆ. ಯಾರ ಮೇಲೂ ಸಿಟ್ಟು ಇಟ್ಟುಕೊಳ್ಳಲಿಲ್ಲ — ಒಬ್ಬರನ್ನು ಬಿಟ್ಟು. ಹಬ್ಬಕ್ಕೆ ನಾಲ್ಕು ಜನ ಸೇರಿದರೆ ಸಾಕು, ಆ ಕಾನ್‌ಸ್ಟೇಬಲ್ ಕಥೆ ತೆಗೆಯುತ್ತೀಯ. “ಆ ಪೊಲೀಸಪ್ಪಂಗೆ ಲಂಚಕ್ಕೆ ಒಂದು ಕೋಳಿ ಕೊಟ್ಟಿದ್ರೆ ನಾನು ಮದ್ವೇಲಿ ಇರ್ತಿದ್ದೆ,” ಅನ್ನುತ್ತೀಯ. ಮೀಸೆ ತಿರುವಿ, ಹೊಟ್ಟೆ ಮುಂದೆ ಮಾಡಿ ಅವರ ಹಾಗೆ ನಡೆದು ತೋರಿಸುತ್ತೀಯ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಅವರಿಗೆ ಮೀಸೆಯೇ ಇರಲಿಲ್ಲ ಅಣ್ಣಾ. ಹೊಟ್ಟೆಯೂ ಇರಲಿಲ್ಲ. ನೀನು ಅವರನ್ನು ನೋಡಿಯೇ ಇಲ್ಲ. ಅವರು ಒಂದು ಲೋಟ ನೀರು ಬಿಟ್ಟು ನಮ್ಮ ಮನೆಯಲ್ಲಿ ಏನೂ ಮುಟ್ಟಲಿಲ್ಲ. ಹೋಗುವಾಗ ಗೇಟಿನ ಹತ್ತಿರ ನಿಂತು, ಇನ್ನೊಮ್ಮೆ ಹಿಂದಿರುಗಿ ನೋಡಿದರು — ನಾನು ಕರೆಯುತ್ತೇನೇನೋ ಅಂತ.

ಈ ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಅತ್ತಿಗೆ ಇರಲಿ, ಮಕ್ಕಳು ಮೊಮ್ಮಕ್ಕಳು ಎಲ್ಲರೂ ಇರಲಿ. ಆ ಕಥೆ ಕೇಳಿದವರೆಲ್ಲರ ಮುಂದೆಯೇ ಇದನ್ನು ನಾನೇ ಓದುತ್ತೇನೆ. ನನ್ನ ಓದು ನಿಧಾನ, ನಡುವೆ ತಡವರಿಸುತ್ತೇನೆ. ನೀನು ಕರುಣೆಯಿಂದ ‘ಬಿಡೇ ಜಯಾ, ಸಾಕು’ ಅನ್ನುತ್ತೀಯ, ನನಗೆ ಗೊತ್ತು. ಅನ್ನಬೇಡ. ಕೊನೆಯವರೆಗೂ ಓದಲು ಬಿಡು.